ಅಜ್ಮತುಲ್ಲಾ ಕುರ್ಚಿ ಬಿಟ್ಟುಕೊಟ್ಟ ಭಾನುವಾರ

ಮುಳಬಾಗಿಲಿನಿಂದ ಮೊದಲ ಬಸ್ಸು ಹಿಡಿದ ಅಜ್ಮತುಲ್ಲಾ ಕೋಲಾರದಲ್ಲಿ ಜಿಲ್ಲಾ ಚೆಸ್ ಆಯ್ಕೆ ನಡೆಯುವ ಶಾಲೆಯ ಹಾಲ್ ತಲುಪಿದಾಗ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಜವಾನನನ್ನು ಎಬ್ಬಿಸಿ ಬೀಗ ತೆಗೆಸಿದವರೇ ಮೊಣಕಾಲೂರಿ ಮೇಜುಗಳ ಕೆಳಗೆ ಇಣುಕುತ್ತಾರೆ. ಯಾರಾದರೂ ಚೀಟಿ ಅಂಟಿಸಿದ್ದಾರೆಯೇ? ಕಿಟಕಿಯಾಚೆ ನಿಂತು ಕೈಸನ್ನೆ ಮಾಡುವಷ್ಟು ಜಾಗವಿದೆಯೇ? ಕಪ್ಪು ಹಲಗೆಯ ಮೇಲೆ ಮೇಷ್ಟ್ರು ಬರೆದುಹೋದ ಲೆಕ್ಕವನ್ನೂ ಅವರು ಉಳಿಸುವುದಿಲ್ಲ. ಅದರಲ್ಲಿ ಏನಡಗಿದೆಯೋ ಯಾರಿಗೆ ಗೊತ್ತು ಎಂದು ಅಂಗೈಯಲ್ಲೇ ಒರೆಸಿಬಿಡುತ್ತಾರೆ.

ಆಮೇಲೆ ಚೀಲದಿಂದ ಚೆಸ್ ಗಡಿಯಾರಗಳು ಹೊರಬರುತ್ತವೆ. ಒಂದೇ ಪೆಟ್ಟಿಗೆಯಲ್ಲಿ ಎರಡು ಮುಖ, ಆಟಗಾರರಿಬ್ಬರಿಗೆ ಒಂದೊಂದು. ಪ್ರತಿಯೊಂದನ್ನೂ ಕಿವಿಗೆ ಹಿಡಿದು ಕೇಳುತ್ತಾರೆ. ನೆನ್ನೆ ತಾವೇ ಕೀಲೆಣ್ಣೆ ಬಿಟ್ಟು ಸರಿಮಾಡಿದ ಗಡಿಯಾರಗಳಲ್ಲವೇ ಎಂದರೆ ನಗುತ್ತಾರೆ. "ಅದಕ್ಕೇ ನಂಬಲ್ಲ ಸಾರ್. ರಿಪೇರಿ ಮಾಡಿದೋನು ನಾನೇ ಅಲ್ವಾ, ಅದರ ಹಣೆಬರಹ ನನಗ್ಗೊತ್ತು."

ಮುಳಬಾಗಿಲು ಬಸ್ ನಿಲ್ದಾಣದ ಪಕ್ಕದಲ್ಲಿ ಗಾಜಿನ ಪೆಟ್ಟಿಗೆಯಿಟ್ಟುಕೊಂಡು ಕೈಗಡಿಯಾರ ರಿಪೇರಿ ಮಾಡುವುದು ಅವರ ಕಸುಬು. ಜಿಲ್ಲೆಯ ಚೆಸ್ ಪ್ರೇಮಿಗಳು ಎಪ್ಪತ್ತರ ದಶಕದಲ್ಲಿ ಅವರನ್ನು ಕರೆದದ್ದು ಕೆಟ್ಟುನಿಂತ ಗಡಿಯಾರ ನೋಡಲೆಂದು. ತೀರ್ಪುಗಾರನಾಗಿ ಬೈಸಿಕೊಳ್ಳಲು ಬೇರೆ ಯಾರೂ ಒಪ್ಪದ ಕಾರಣ ರಿಪೇರಿಗೆ ಬಂದವರನ್ನೇ ಕುರ್ಚಿಯಲ್ಲಿ ಕೂರಿಸಿದರು. ಸಂಬಳವೂ ಇಲ್ಲ, ಹಾರವೂ ಇಲ್ಲ. ಇಲ್ಲಿ ಗೆದ್ದವರು ಬೆಂಗಳೂರಿನ ಶಿಬಿರಕ್ಕೆ ಹೋಗುತ್ತಾರೆ, ರಾಷ್ಟ್ರೀಯ ತಂಡಕ್ಕೆ ಆರಿಸುವುದು ಆ ಶಿಬಿರದಿಂದ. ಪತ್ರಿಕೆಯಲ್ಲಿ ಆಟಗಾರರ ಫೋಟೋ ಬರುತ್ತದೆ, ಅಜ್ಮತುಲ್ಲಾ ಅವರ ಮೊಣಕೈ ಕೂಡ ಬಂದದ್ದಿಲ್ಲ.

ಅವರ ಬಂಡವಾಳವೆಲ್ಲ ಅನುಮಾನ. ಒಂದೇ ಊರಿನವರು ಇಬ್ಬರಿದ್ದರೆ ಮೊದಲ ಸುತ್ತಿನಲ್ಲೇ ಅವರಿಬ್ಬರನ್ನು ಎದುರುಬದುರು ಕೂರಿಸುತ್ತಾರೆ. "ಮಾಲೂರಿನ ಇಬ್ರನ್ನ ಕೊನೇಗೆ ಇಟ್ಕೊಂಡ್ರೆ, ಗೆಲ್ಲೋ ಆಸೆ ಹೋದೋನು ಇನ್ನೊಬ್ಬನಿಗೆ ಆಟ ಬಿಟ್ಕೊಡ್ತಾನೆ, ನಮ್ಮೂರೋನು ಅಂತ. ಮೊದ್ಲೇ ಆಡಿಸ್ಬಿಟ್ರೆ ಇಬ್ರಿಗೂ ಆಸೆ ಬಿಸಿಬಿಸಿ ಇರುತ್ತೆ, ಯಾರೂ ಬಿಡಲ್ಲ." ಮಾಲೂರಿನವರಿಗೆ ಇದು ಇಂದಿಗೂ ಕಣ್ಣುರಿ. ಒಡಹುಟ್ಟಿದವರನ್ನೂ ನಂಬದ ಮನುಷ್ಯ ಎಂದು ಎದುರಿಗೇ ಹೇಳುತ್ತಾರೆ. ಇವರು ಹೌದೆಂದು ತಲೆಯಾಡಿಸುತ್ತಾರೆ.

ಅನುಮಾನದಲ್ಲಿ ಅವರಿಗೂ ಒಬ್ಬ ಗುರು ಸಿಕ್ಕಿದ್ದಾರೆ. ಶ್ರೀನಿವಾಸಪುರದ ಹಿಪ್ಪುನೇರಳೆ ಬೆಳೆಗಾರ ಶ್ರೀನಿವಾಸಪ್ಪ. ಕೆಲವು ವರ್ಷಗಳ ಹಿಂದೆ ಅವರ ಮಗ ಆನೆಯನ್ನು ಮುಟ್ಟಿ ಕೈ ಹಿಂತೆಗೆದಾಗ, ಮುಟ್ಟಿದ ಕಾಯನ್ನೇ ನಡೆಸಬೇಕು ಎಂದು ಅಜ್ಮತುಲ್ಲಾ ಪಟ್ಟು ಹಿಡಿದರು. ಹುಡುಗ ಸೋತ. ಅಂದಿನಿಂದ ಶ್ರೀನಿವಾಸಪ್ಪ ಪ್ರತಿ ಆಯ್ಕೆಗೂ ಬಂದು ಹಿಂದಿನ ಬೆಂಚಿನಲ್ಲಿ ಕೂತು, ಈ ಮನುಷ್ಯನನ್ನು ನಂಬಬಾರದೆಂದು "ಈ ಮನಿಷಿನಿ ನಮ್ಮಕೂಡದು" ಅಂತ ತೆಲುಗಿನಲ್ಲಿ ಗೊಣಗುತ್ತಾರೆ. ತೀರ್ಪುಗಾರರ ತಪ್ಪು ಹಿಡಿಯಲೆಂದೇ ನಿಯಮಗಳನ್ನೆಲ್ಲ ಬಾಯಿಪಾಠ ಮಾಡಿದ್ದಾರೆ. ಇದುವರೆಗೆ ಒಂದೂ ಸಿಕ್ಕಿಲ್ಲ, ಅದಕ್ಕೇ ಅವರ ಸಂಶಯ ಇನ್ನಷ್ಟು ಬಲಿತಿದೆ.

ಇಷ್ಟೆಲ್ಲದರ ನಡುವೆ ನಲುಗಿದವಳು ಅಜ್ಮತುಲ್ಲಾ ಅವರ ಮಗಳು ಸಯೀದಾ. ಚೆನ್ನಾಗಿ ಆಡುತ್ತಾಳೆ, ಆದರೆ ಅಪ್ಪ ತೀರ್ಪುಗಾರ. ಗೆದ್ದರೆ ಊರು ಏನೆನ್ನುತ್ತದೆ ಎಂದು ಅಜ್ಮತುಲ್ಲಾ ಒಂದು ವರ್ಷವೂ ಅವಳ ಹೆಸರು ಬರೆಸಲಿಲ್ಲ. ನ್ಯಾಯವಾಗಿರಬೇಕೆಂಬ ಹಟದಲ್ಲಿ ಮನೆಯೊಳಗೇ ಅನ್ಯಾಯ ಮಾಡಿದರು. ಈ ಎಂಬತ್ತನಾಲ್ಕನೇ ಇಸವಿ ಅವಳಿಗೆ ಕಿರಿಯರ ವಿಭಾಗದಲ್ಲಿ ಕೊನೆಯ ವರ್ಷ. ಹೋದ ತಿಂಗಳು ಊಟಕ್ಕೆ ಕೂತಾಗ ಅವಳು ಕೇಳಿಯೇ ಬಿಟ್ಟಳು: "ಅಬ್ಬಾ, ಊರೋರ ಮೇಲೆಲ್ಲಾ ಡೌಟ್ ಪಡ್ತೀರಿ, ಸರಿ. ನನ್ನ ಮೇಲೂನಾ?"

ಮರುದಿನ ಅಜ್ಮತುಲ್ಲಾ ಅಂಗಡಿ ಮುಚ್ಚಿ ನೇರ ಶ್ರೀನಿವಾಸಪುರಕ್ಕೆ ಹೋದರು. ಶ್ರೀನಿವಾಸಪ್ಪ ಸೊಪ್ಪು ಕೊಯ್ಯುತ್ತಿದ್ದರು.

"ಈ ಸಲ ಕುರ್ಚೀಲಿ ನೀವು ಕೂತ್ಕೊಳ್ಳಿ ಶ್ರೀನಿವಾಸಪ್ನೋರೆ. ನನ್ನ ಮಗಳು ಆಡ್ತಾಳೆ."

"ಏನ್ ಸಾಬ್ರೇ, ಇದ್ರಲ್ಲೇನೋ ಮಸಲತ್ತು ಇರ್ಬೇಕಲ್ಲ?"

"ನನ್ನನ್ನ ಇಷ್ಟು ವರ್ಷ ಬೈದೋರು ನನ್ನ ಮಗಳಿಗೆ ದಾಕ್ಷಿಣ್ಯ ತೋರಿಸಲ್ಲ. ಬೇರೆ ಯಾರನ್ನ ಕೂರಿಸಿದ್ರೂ ನನಗೆ ನಿದ್ದೆ ಬರಲ್ಲ."

ಹೀಗಾಗಿ ಈ ಭಾನುವಾರ ಮೇಜು, ಗಡಿಯಾರ ಎಲ್ಲ ಅಣಿಮಾಡಿಕೊಟ್ಟು, ಆಟ ಶುರುವಾಗುವ ಮುನ್ನ ಅಜ್ಮತುಲ್ಲಾ ಹೊರಗೆ ಬರುತ್ತಾರೆ. ಬಾಗಿಲು ಮುಚ್ಚುತ್ತದೆ. ಬೇವಿನ ಮರದ ಕಟ್ಟೆಯಲ್ಲಿ ಉಳಿದ ತಂದೆತಾಯಿಯರ ನಡುವೆ ಕೂತ ಅವರು ಸ್ವಲ್ಪ ಹೊತ್ತಿಗೇ ಎಲ್ಲರಂತಾಗುತ್ತಾರೆ. ಎದ್ದು ಹೋಗಿ ಬಾಗಿಲಿಗೆ ಕಿವಿಗೊಡುತ್ತಾರೆ, ಬಂದು ಕೂರುತ್ತಾರೆ. "ಆ ಮನುಷ್ಯ ಮಗನ ಸೇಡು ನನ್ನ ಮಗಳ ಮೇಲೆ ತೀರಿಸ್ಕೊಂಡ್ರೆ?" ಎಂದು ಪಿಸುಗುಡುತ್ತಾರೆ. ಪಕ್ಕದಲ್ಲಿದ್ದ ಮಾಲೂರಿನವರೊಬ್ಬರಿಗೆ ಹಾಲು ಕುಡಿದಷ್ಟು ಸಂತೋಷ. "ಈಗ ಗೊತ್ತಾಯ್ತಾ ಸಾಬ್ರೇ, ನಮ್ಮ ಹೊಟ್ಟೆ ಸಂಕಟ?"

ಸಂಜೆಯ ಕೊನೆಯ ಸುತ್ತು. ಸಯೀದಾ ಮತ್ತು ಕ್ಯಾಲನೂರಿನ ಗಂಗರತ್ನ, ಇಬ್ಬರೂ ಸಮಸಮ ಅಂಕದಲ್ಲಿದ್ದಾರೆ. ಗೆದ್ದವಳೊಬ್ಬಳೇ ಬೆಂಗಳೂರಿಗೆ. ಬಾಗಿಲು ತೆರೆದಾಗ ಗಂಗರತ್ನ ನಗುತ್ತಾ ಓಡಿ ಬರುತ್ತಾಳೆ. ಹಿಂದೆ ಸಯೀದಾ ದುಪಟ್ಟಾದ ತುದಿಯಲ್ಲಿ ಮುಖ ಒರೆಸಿಕೊಳ್ಳುತ್ತಾ ಬರುತ್ತಾಳೆ. ಅಜ್ಮತುಲ್ಲಾ ಮಗಳನ್ನೂ ದಾಟಿ ನೇರ ಶ್ರೀನಿವಾಸಪ್ಪನವರ ಎದುರು ನಿಲ್ಲುತ್ತಾರೆ. "ಏನು ಮಾಡಿದ್ರಿ?"

ಶ್ರೀನಿವಾಸಪ್ಪ ಒಳಗಿನ ಮೇಜಿನತ್ತ ಕೈ ತೋರುತ್ತಾರೆ. "ನಾನೇನೂ ಮಾಡ್ಲಿಲ್ಲ ಸಾಬ್ರೇ. ಪಕ್ಕದ ಮೇಜಲ್ಲಿ ಏನೋ ತಕರಾರು, ಅಲ್ಲಿ ನಿಂತಿದ್ದೆ. ನಿಮ್ಮುಡುಗೀನೇ ಗಡಿಯಾರ ನಿಲ್ಸಿ ಕೈ ಎತ್ತಿದ್ಳು. ರಾಜನ್ನ ಕುದುರೆ ಥರ ಹಾರಿಸ್ಬಿಟ್ಟೆ, ತಪ್ಪು ನಡೆ ಅಂದ್ಳು."

ನಮ್ಮ ಕಡೆಯ ಹಳೆಯ ಆಟದಲ್ಲಿ, ಒಮ್ಮೆಯೂ ಚೆಕ್ ಬೀಳದ ರಾಜ ಒಂದೇ ಒಂದು ಸಲ ಕುದುರೆಯಂತೆ ಹಾರಬಹುದು. ಪಂದ್ಯದ ನಿಯಮದಲ್ಲಿ ಅದಿಲ್ಲ. ಸಯೀದಾ ಆಟ ಕಲಿತದ್ದು ಅಜ್ಜಿಯಿಂದ, ಗಂಗರತ್ನ ತಾತನಿಂದ. ಹೊಸ ನಿಯಮ ಇಬ್ಬರಿಗೂ ಗೊತ್ತು, ಆದರೆ ಅವಸರದಲ್ಲಿ ಒಬ್ಬಳ ಕೈ ಹಳೆಯ ದಾರಿ ಹಿಡಿಯಿತು, ಇನ್ನೊಬ್ಬಳ ಕಣ್ಣಿಗೆ ಅದು ಸಹಜವೆನಿಸಿತು. ಗಂಗರತ್ನ ಮುಂದಿನ ನಡೆಯ ಯೋಚನೆಯಲ್ಲಿ ಮುಳುಗಿದ್ದಳು. ಸಯೀದಾ ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಶ್ರೀನಿವಾಸಪ್ಪ ನಿಯಮದಂತೆ ರಾಜನನ್ನು ಹಿಂದಕ್ಕಿಡಿಸಿ, ಮುಟ್ಟಿದ ರಾಜನನ್ನೇ ಸರಿಯಾಗಿ ನಡೆಸಲು ಹೇಳಿದರು. ಆ ಒಂದು ಹೆಜ್ಜೆಗೆ ಅವಳ ಆನೆ ಹೋಯಿತು, ಹಿಂದೆಯೇ ಆಟವೂ ಹೋಯಿತು.

ಅಜ್ಮತುಲ್ಲಾ ಇದನ್ನೂ ನಂಬುವುದಿಲ್ಲ. ಸಮಾಧಾನಕ್ಕೆ ಕಟ್ಟಿದ ಕತೆಯಿರಬೇಕೆಂದು ಗಂಗರತ್ನಳನ್ನು ಕರೆದು ಕೇಳುತ್ತಾರೆ. "ನಿಜ ಅಂಕಲ್. ನಾನು ನೋಡೇ ಇರ್ಲಿಲ್ಲ. ಅವಳೇ ಹೇಳಿದ್ದು" ಎನ್ನುತ್ತಾಳೆ ಹುಡುಗಿ. ಅಜ್ಮತುಲ್ಲಾ ಅವಳ ತಲೆ ಸವರಿ, ಬೆಂಗಳೂರಲ್ಲಿ ಹುಷಾರಾಗಿ ಆಡಮ್ಮ ಎಂದು ಹರಸುತ್ತಾರೆ.

ಮುಂದಿನ ವರ್ಷ ಮತ್ತೆ ಕುರ್ಚಿಗೆ ಬರುತ್ತೀರಾ ಎಂದು ಕೇಳಿದರೆ ಗಡಿಯಾರಗಳನ್ನು ಚೀಲಕ್ಕೆ ತುಂಬುತ್ತಲೇ ಉತ್ತರಿಸುತ್ತಾರೆ. "ಅವರೇ ಇರ್ಲಿ ಸಾರ್. ಒಳಗಿದ್ದಿದ್ರೆ ನನ್ನ ಮಗಳು ಕೈ ಎತ್ತಿದಾಗ ಒಂದು ಗಳಿಗೆ ನಾನು ಬೇರೆ ಕಡೆ ನೋಡ್ತಿದ್ದೆನೋ ಏನೋ. ಆ ಡೌಟು ನನಗೆ ನನ್ನ ಮೇಲೇ ಇದೆ."

ಗೇಟಿನ ಹತ್ತಿರ ಸಯೀದಾ ಕಾಯುತ್ತಿದ್ದಾಳೆ. ಅವಳತ್ತ ನೋಡಿ ದನಿ ತಗ್ಗಿಸುತ್ತಾರೆ. "ಇಷ್ಟು ವರ್ಷ ಜಿಲ್ಲೆ ಮಕ್ಕಳ ಕೈಗೆಲ್ಲಾ ಕಾವಲಿದ್ದೆ. ನನ್ನ ಮಗಳ ಕೈ ಎಂಥದ್ದು ಅಂತ ಮಾತ್ರ ಬೇರೆಯೋರು ಬಂದು ಹೇಳ್ಬೇಕಾಯ್ತು."