ತಿಪ್ಪೆಯ ಜಾಗದಲ್ಲಿ ಕುರ್ಚಿ ಹಾಕಿದವರು

ಬೆಳಗಾವಿಯಲ್ಲಿ ಸ್ವಂತ ಮನೆ ಕಟ್ಟಿದವನು ನಾನು. ಕಟ್ಟಿಸಿದವನಲ್ಲ, ಕಟ್ಟಿದವನು. ಐದನೇ ಇಯತ್ತೆಗೇ ಶಾಲೆಗೆ ಶರಣು ಹೇಳಿ, ಖಾನಾಪುರದಾಚೆಯ ಬೀಡಿ ಎಂಬ ನನ್ನ ಹಳ್ಳಿಯಿಂದ ಬಂದು, ಊರವರ ಮನೆಗಳಿಗೆಲ್ಲ ನೆಲಕ್ಕೆ ಫರಸಿ ಕಲ್ಲು ಹಾಸಿ, ಕೊನೆಗೆ ಹಿಂದವಾಡಿಯ ಒಂದು ಓಣಿಯಲ್ಲಿ ನನ್ನ ಮನೆಗೂ ನಾನೇ ಹಾಸಿದೆ. ನಡುಮನೆಯಲ್ಲಿ ಗೋಲಿ ಇಟ್ಟರೆ ಇಟ್ಟಲ್ಲೇ ನಿಲ್ಲುತ್ತದೆ. ಬಂದವರಿಗೆಲ್ಲ ಇಟ್ಟು ತೋರಿಸಿದ್ದೇನೆ, ಕೇಳದವರಿಗೂ.

ನಮ್ಮ ಅಕ್ಕನಿಗೆ ಮಾತ್ರ ತೋರಿಸಲಾಗಲಿಲ್ಲ. ತಾಯಿ ಇಲ್ಲದ ನನ್ನನ್ನು ಸಾಕಿದವಳು ಅವಳು. ವಾಸ್ತುಶಾಂತಿಗೆಂದು ಬೀಡಿಯಿಂದ ಬಂದವಳು ಓಣಿಯ ಮೂಲೆಯಲ್ಲೇ ನಿಂತುಬಿಟ್ಟಳು. ಆ ಮೂಲೆಯಲ್ಲಿ, ನನ್ನ ಕಂಪೌಂಡಿಗೆ ಹತ್ತಿಕೊಂಡೇ, ಇಡೀ ಬಡಾವಣೆಯ ಕಸದ ರಾಶಿ. ಅಕ್ಕ ಸೆರಗನ್ನು ಮೂಗಿಗೆ ಒತ್ತಿಕೊಂಡು ಅಂದಳು:

"ಇದೇನ ಮನಿ ಕಟ್ಟೀಯೋ ತಮ್ಮಾ, ತಿಪ್ಪೀ ಕಾಯಾಕ ಕುಂತೀಯೋ? ಈ ತಿಪ್ಪಿ ಇರೂತನಾ ನಾ ನಿನ್ನ ಹೊಸ್ತಲಾ ತುಳ್ಯಂಗಿಲ್ಲ."

ಬಂದ ದಾರಿಯಲ್ಲೇ ಹೋದಳು. ಅಂದಿನಿಂದ ಪ್ರತಿ ಹಬ್ಬಕ್ಕೂ ನಾನು ಫೋನ್ ಮಾಡುವುದು, ಅವಳು "ತಿಪ್ಪಿ ಐತೇನ?" ಅನ್ನುವುದು, ನಾನು "ಐತಿ" ಅನ್ನುವುದು, ಫೋನ್ ಕಟ್. ಮನೆಗೆ ಯಾರು ಬಂದು ಹೊಗಳಿ ಏನು ಪ್ರಯೋಜನ, ಅವಳು ಬಂದು ಉಣ್ಣದ ಮೇಲೆ?

ಹೀಗಿರುವಾಗ ಒಂದು ರವಿವಾರ ಮುಂಜಾನೆ ಟೊಪ್ಪಿಗೆ, ಕೈಗವಸು, ಹೊಸ ಕಸಬರಿಗೆ ಹಿಡಿದ ಒಂದು ತಂಡ ಮೂಲೆಗೆ ಬಂತು. ಬಡಾವಣೆಯನ್ನು ಚಂದ ಮಾಡಲು ಪುಕ್ಕಟೆ ದುಡಿಯುವವರಂತೆ. ಮುಂದಾಳು ಒಬ್ಬ ನಿವೃತ್ತ ಶಿಕ್ಷಕಿ. ನಮ್ಮ ಕಡೆ ಅಂಥವರಿಗೆ ಬಾಯಿಯವರು ಅನ್ನುತ್ತೇವೆ. ಜೊತೆಗೆ ಮರಾಠಿ ಮಾತಿನ ಒಬ್ಬ ಕಾಕಾ, ಗಾದಿ ಅಂಗಡಿಯ ಒಬ್ಬ ಚಾಚಾ. ಕಾಕಾ ಮೊದಲು ತಿಪ್ಪೆಯ ಫೋಟೋ ತೆಗೆದರು. ಮದುಮಗನ ಫೋಟೋ ತೆಗೆದಂತೆ, ಎಲ್ಲ ದಿಕ್ಕಿನಿಂದಲೂ.

ನಾನು ಗೇಟಿನಲ್ಲಿ ಕೈಕಟ್ಟಿ ನಿಂತಿದ್ದೆ. "ಇಲೆಕ್ಷನ್ ಬಂತೇನ್ರೀ?"

"ಇಲ್ಲ್ರೀ, ಕಸಾ ಬಂತು," ಅಂದರು ಬಾಯಿಯವರು.

ಮಧ್ಯಾಹ್ನದೊಳಗೆ ಮೂಲೆ ಲಕಲಕ. ಮರುದಿನ ಮುಂಜಾನೆ ತಿಪ್ಪೆ ತನ್ನ ಜಾಗಕ್ಕೆ ವಾಪಸು. ಬಾಯಿಯವರ ಮುಖ ನೋಡಲಾಗಲಿಲ್ಲ. ಆಗ ಕಾಕಾ ಅಂದರು: "ಅಹೋ, ಆಪಣ ಇಥೇಚ ಬಸೂಯಾ. ಇಲ್ಲೇ ಕುರ್ಚಿ ಹಾಕ್ಕೊಂಡ ಕುಂದ್ರೂಣು. ನಮ್ಮ ಮಾರಿ ಮುಂದ ಯಾಂವ ಒಗೀತಾನ ನೋಡೂಣು!"

ಕುರ್ಚಿ ನನ್ನ ಮನೆಯವು. ಕುರ್ಚಿ ಕೊಟ್ಟವನು ಬರೀ ನೋಡುವವನಾಗಿ ಉಳಿಯುತ್ತಾನೆಯೇ? ಮರುದಿನದಿಂದ ನಾನೂ ತಂಡದ ಹಿರಿಯನೇ.

ಆದರೆ ಒಂದು ತೊಡಕು ಇತ್ತು. ನಮ್ಮಲ್ಲಿ ಯಾರಿಗೂ ಬೈಯಲು ಬರುತ್ತಿರಲಿಲ್ಲ. ಕುರ್ಚಿಯ ಹತ್ತಿರ ಮನುಷ್ಯ ಬಂದರೆ ಬೆಳಗಾವಿಯವರ ಬಾಯಿಂದ ಒಂದೇ ಮಾತು ಹೊರಡುವುದು: "ಬರ್ರಿ, ಕುಂದರ್ರಿ, ಚಾ ತಗೋರಿ." ಕಸ ಎಂಬ ಶಬ್ದವನ್ನು ಬಂದವರ ಮುಖದ ಮುಂದೆ ಆಡುವುದು ಅವಮಾನವಲ್ಲವೇ! ಹೀಗಾಗಿ ಕಾಕಾರ ಮನೆಯಿಂದ ಥರ್ಮಾಸು ಬಂತು.

ಮೊದಲ ದಿನ ಟೈ ಕಟ್ಟಿದವರೊಬ್ಬರು ಸ್ಕೂಟರಿನಲ್ಲಿ, ಕಾಲ ನಡುವೆ ಚೀಲ ಇಟ್ಟುಕೊಂಡು ಬಂದರು. ನಮ್ಮನ್ನು ಕಂಡು ಬ್ರೇಕು ಹಾಕಿದರು.

"ಎತ್ತಾಗ ಹೊಂಟೀರ್ರೀ ಸಾಹೇಬ್ರ?" ಅಂದೆ.

"ಇಲ್ಲೇ... ವಾಕಿಂಗ್."

"ಗಾಡಿ ಮ್ಯಾಲ?"

"ಮಣಕಾಲ ನೋವ ಐತ್ರಿ."

ಪಾಪ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡೇ ಚಹಾ ಕುಡಿದರು. ಒಳಗೆ ರಾತ್ರಿಯ ಮೀನು ಇದ್ದಿರಬೇಕು. ಎಲ್ಲಿಂದಲೋ ಒಂದು ಬೆಕ್ಕು ಬಂದು ಅವರ ಎದುರಿಗೆ ಭಕ್ತಿಯಿಂದ ಕುಳಿತಿತು.

ಕ್ರಮೇಣ ಒಂದು ಪದ್ಧತಿ ಬೆಳೆಯಿತು. ಬಾಯಿಯವರು ಬಂದವರನ್ನು ಮಾತಿಗೆ ಎಳೆಯುವುದು: ಮಕ್ಕಳೆಷ್ಟು, ಯಾವ ಶಾಲೆ, ಯಾವ ಊರು. ಅಷ್ಟರಲ್ಲಿ ಚಾಚಾ ಹಿಂದಿನಿಂದ ಚೀಲ ಎತ್ತಿ ನಗರಪಾಲಿಕೆಯ ಗಾಡಿಗೆ ಸೇರಿಸುವುದು. ಜೀವನವಿಡೀ ಹತ್ತಿ ಎತ್ತಿದ ಕೈ ಅದು. ಎತ್ತಿದ್ದು ಚೀಲಕ್ಕೇ ಗೊತ್ತಾಗುತ್ತಿರಲಿಲ್ಲ. ಬಂದವರು ಎದ್ದು, ಖಾಲಿ ಜಾಗ ನೋಡಿ, ನಮ್ಮನ್ನು ನೋಡಿ, ಮೆಲ್ಲಗೆ ನಮಸ್ಕಾರ ಮಾಡಿ ಹೋಗುತ್ತಿದ್ದರು. ಮರುದಿನದಿಂದ ತಮ್ಮ ಬಾಗಿಲಿಗೇ ಬರುವ ಗಾಡಿಗೆ ಹಾಕುತ್ತಿದ್ದರು. ತಿಪ್ಪೆ ನಿಜಕ್ಕೂ ಹೋಯಿತು.

ಅಕ್ಕನಿಗೆ ಫೋನ್ ಮಾಡಿದೆ. ನಂಬಲಿಲ್ಲ. "ನಾ ಬರೂ ದಿನಾ ಒಂದ ಬಳದ ತೋರಸ್ತಿ. ನನಗ ಗೊತ್ತಿಲ್ಲೇನ ನೀನು? ಹೇಳದs ಬರ್ತೀನಿ, ಹೋಗು."

ಹೇಳದೆಯೇ ಹೊರಟಳು. ಆದರೆ ಅವಳ ಮಗ ಬೀಡಿಯಿಂದ ಗುಟ್ಟಾಗಿ ಫೋನ್ ಮಾಡಿ, ಅವ್ವ ಖಾನಾಪುರದ ಬಸ್ಸು ಹತ್ತಿದಳು ಎಂದ. ನಾನು ಇಸ್ತ್ರಿ ಅಂಗಿ ತೊಟ್ಟು ಬೆಳಗಾವಿ ಸ್ಟ್ಯಾಂಡಿಗೆ ಹೋಗಿ ಪ್ರತಿ ಬಸ್ಸಿನ ಬಾಗಿಲಲ್ಲೂ ಇಣುಕಿದೆ. ಅಕ್ಕ ಖಾನಾಪುರದಲ್ಲಿ ಬಸ್ಸು ಬಿಟ್ಟು, ಮಂದಿ ತುಂಬಿಕೊಂಡು ಓಡುವ ಕ್ರೂಸರ್ ಜೀಪು ಹತ್ತಿದ್ದಳು. ಅದು ಅವಳನ್ನು ಸ್ಟ್ಯಾಂಡಿನವರೆಗೂ ತರದೆ, ದಾರಿಯಲ್ಲೇ ನಮ್ಮ ಬಡಾವಣೆಯ ಹತ್ತಿರ ಇಳಿಸಿತು.

ಮುಂದಿನದು ನನಗೆ ಕಾಕಾ ಹೇಳಿದ್ದು. ಒಬ್ಬ ಮುದುಕಿ ಗೊಬ್ಬರದ ಹಳೇ ಚೀಲ ಹೊತ್ತು ಬಂದಳು. ಅತ್ತ ನೋಡಿದಳು, ಇತ್ತ ನೋಡಿದಳು, ಸರಿಯಾಗಿ ತಿಪ್ಪೆ ಇದ್ದ ಜಾಗದಲ್ಲೇ ಚೀಲ ಇಳಿಸಿದಳು. ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕೇ? ಬಾಯಿಯವರು "ಬರ್ರಿ ಅಕ್ಕಾರ, ಕುಂದರ್ರಿ" ಅಂದರು. ಚಾಚಾ ತಮ್ಮ ಕೆಲಸ ಮಾಡಿದರು.

ನಾನು ಸ್ಟ್ಯಾಂಡಿನಿಂದ ಸೋತು ಬಂದಾಗ ಅಕ್ಕ ಬಾಯಿಯವರ ಮುಂಗೈ ಹಿಡಿದಿದ್ದಳು.

"ಚಾ ಕುಡಿಸಿ ಗಂಟ ಹೊಡ್ಯೂ ಮಂದಿ! ಏನ ಮಾತೇನ, ಏನ ನಗಿಯೇನ! ಹಿಂದಿಂದ ಚೀಲಾ ಮಾಯ!"

ಬಾಯಿಯವರು ಬೆವರುತ್ತಿದ್ದರು. ಕಡೆಗೂ ಆ ಶಬ್ದ ಅವರ ಬಾಯಿಂದ ಬಂತು. "ತಪ್ಪ ತಿಳೀಬ್ಯಾಡ್ರಿ... ನಾವು ಅದನ್ನ ಕಸಾ ಅಂದ್ಕೊಂಡ್ವಿ."

"ಕಸಾ? ಖಾನಾಪೂರ ಸ್ಟ್ಯಾಂಡಿನ್ಯಾಗ ರೇಟಿಗೆ ಹುಜ್ಜತ್ ಮಾಡಿ ತಂದ ಹಲಸಿನ ಹಣ್ಣ ಕಸಾ? ಏ ತಮ್ಮಾ, ಇವರs ಏನ ನಿನ್ನ ದೋಸ್ತರು? ನಾ ಹೊಂಟ್ಯಾ."

ಚಾಚಾ ನನ್ನ ತೋಳು ಹಿಡಿದರು. "ಅರೇ ಮೇಸ್ತ್ರಿ, ನಿಂತ ಏನ ನೋಡ್ತಿ? ಗಾಡಿ ತೆಗಿ! ಬೆಹೆನ್, ಐದs ಮಿನಿಟ್ ಕುಂದರ್ರಿ!"

ಕಸದ ಗಾಡಿ ಹಾಡುತ್ತ ಹೋಗುತ್ತದೆ; ಹಾಡು ಎಲ್ಲ ಓಣಿಗಳಿಂದಲೂ ಕೇಳುತ್ತದೆ. ಚಾಚಾ ನನ್ನ ಬೈಕಿನ ಹಿಂದೆ ಕುಳಿತು "ಎಡಕ್ಕ!" ಅಂದಾಗಲೆಲ್ಲ ಕಸದ ಗಾಡಿ ಬಲಕ್ಕಿರುತ್ತಿತ್ತು. ಒಂದು ಓಣಿಯ ತುದಿಯಲ್ಲಿ ಟೈ ಸಾಹೇಬರು ಎದುರಾದರು. ನಾವು ಬರುವ ರಭಸ ನೋಡಿ ತಮ್ಮ ತಿಂಡಿಯ ಡಬ್ಬಿಯನ್ನು ಎರಡೂ ಕೈಯಿಂದ ಎದೆಗವಚಿಕೊಂಡರು. ಅಂತೂ ಗಾಡಿ ಸಿಕ್ಕಿತು. ಅದರ ಮೇಲಿದ್ದ ಹೆಣ್ಣುಮಗಳು ನಗುತ್ತ ಚೀಲ ಕೊಟ್ಟಳು: "ಚಾಚಾ, ಇಂಥಾ ಘಮಘಮಾ ಕಸಾ ಯಾರ ಕೊಡ್ತಾರ? ಬಾಜೂಕ ತೂಗಹಾಕಿದ್ದೆ."

ಅಕ್ಕ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಚೀಲ ಮೂಸಿ ನೋಡಿದಳು. "ಕಸದ ಗಾಡ್ಯಾಗ ಊರ ಸುತ್ತಿ ಬಂದದ್ದು. ಮನೀಗೆ ಒಯ್ಯೂದ ಬ್ಯಾಡ. ಇಲ್ಲೇ ಕೊಯ್ಯೂಣು."

ನನ್ನ ಹೆಂಡತಿ ಈಳಿಗೆ, ಎಣ್ಣೆ ತಂದಳು. ಅಕ್ಕ ಕೈಗೆ ಎಣ್ಣೆ ಸವರಿಕೊಂಡು ಹಣ್ಣು ಬಿಚ್ಚಿದಳು. ಬಾಯಿಯವರಿಗೆ ಮೊದಲ ತೊಳೆ. ಹೋಗುವವರು ಬರುವವರನ್ನೆಲ್ಲ ಈಗ ಅವಳೇ ಕರೆಯತೊಡಗಿದಳು: "ಬರ್ರಿ, ಕುಂದರ್ರಿ, ತಿನ್ರಿ." ಚಾಚಾರ ಗಡ್ಡಕ್ಕೆ ಹಲಸಿನ ಮೇಣ ಅಂಟಿತು, ಅದನ್ನು ಬಿಡಿಸಲು ಹೋದ ಕಾಕಾ ಅವರಿಗೇ ಅಂಟಿದರು.

ಹಣ್ಣು ಮುಗಿಯಿತು. ಎಲ್ಲರೂ ಕೆಳಗೆ ನೋಡಿದೆವು. ಎಷ್ಟೋ ದಿನದಿಂದ ಎಲೆ ಬೀಳದ ಆ ಜಾಗದಲ್ಲಿ ಸಿಪ್ಪೆ, ದಿಂಡು, ಬೀಜ, ಮೇಲೆ ನೊಣ. ಸುಂದರವಾದ ಒಂದು ತಿಪ್ಪೆ. ಯಾರೂ ಆ ಶಬ್ದ ಆಡಲಿಲ್ಲ. ಕಾಕಾ ಅಭ್ಯಾಸಬಲದಿಂದ ಮೊಬೈಲ್ ಎತ್ತಿದರು. ಬಾಯಿಯವರು ಅವರ ಕೈಯನ್ನು ಕೆಳಗೆ ಒತ್ತಿದರು. ತಿಪ್ಪೆ ಇರುವತನಕ ಹೊಸ್ತಿಲು ತುಳಿಯುವುದಿಲ್ಲ ಎಂದವಳು ಎದುರಿಗಿದ್ದಾಳೆ, ತಿಪ್ಪೆಯೂ ಇದೆ, ತಿಪ್ಪೆ ಅವಳದೇ.

ಅಕ್ಕ ಕೇಳಿದಳು, "ಗಾಡಿ ಮತ್ತ ಯಾವಾಗ ಬರ್ತೈತಿ?"

"ನಾಳಿ ಮುಂಜಾನಿ," ಅಂದೆ.

"ಅಲ್ಲೀತನಾ ಇದನ್ನ ಎಲ್ಲಿಡೂದು?"

ಬಾಯಿಯವರು ನೆಲ ನೋಡುತ್ತ, ಬಹಳ ಸಣ್ಣ ದನಿಯಲ್ಲಿ ಅಂದರು: "ಅವರವರ ಮನ್ಯಾಗ ಇಟ್ಕೋಬೇಕ್ರಿ ಅಕ್ಕಾರ."

ಅಕ್ಕ ಎದ್ದಳು. ಸೆರಗು ಸಿಕ್ಕಿಸಿ, ಎಲ್ಲವನ್ನೂ ಬಳಿದು ಅದೇ ಚೀಲಕ್ಕೆ ತುಂಬಿ, ಎದೆಗೆ ಅಪ್ಪಿಕೊಂಡು ನೇರ ನನ್ನ ಮನೆಯ ಕಡೆ ನಡೆದಳು. ಹೆಂಡತಿ ಓಡಿಹೋಗಿ ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಳು. "ಅತ್ತಾಗ ಸರೀ ಬೇ, ಭಾರ ಐತಿ," ಅಂದಳು ಅಕ್ಕ. ನಿಲ್ಲಲಿಲ್ಲ. ಹೀಗಾಗಿ ಆರತಿ ಅಕ್ಕನಿಗೂ ಆಯಿತು, ಸಿಪ್ಪೆಗೂ ಆಯಿತು.

ಊಟವಾದ ಮೇಲೆ, ಕಡೇ ಬಸ್ಸಿನ ಹೊತ್ತಾಯಿತಲ್ಲ ಎಂದು ಹೆದರುತ್ತಲೇ ನೆನಪಿಸಿದೆ. ಅಕ್ಕ ಗೋಡೆಗೆ ಒರಗಿ ಕಾಲು ಚಾಚಿದಳು.

"ಕಸಾ ನಂದು. ನಾಳಿ ಗಾಡೀಗೆ ನಾನs ಹಾಕಿ ಹೋಗ್ತೀನಿ."

ಹೆಂಡತಿ ನನ್ನನ್ನು ಅಡುಗೆಮನೆಗೆ ಕರೆದು ಪಿಸುಗುಟ್ಟಿದಳು: "ನಾಳಿ ಇನ್ನೊಂದ ಹಲಸಿನ ಹಣ್ಣ ತರ್ರಿ."