ಅಕ್ಕನ ಪಾತ್ರ, ಬೇರೆಯವಳ ಮುಖ

ಅಕ್ಕನ ಮುಖ ದೊಡ್ಡದು. ಅಗಲವಾದ ಹಣೆ, ಅಗಲವಾದ ಮೂಗು, ಮೂಗಿನ ಎರಡೂ ಬದಿಗೆ ಕೆಂಪು ಹರಳಿನ ಮೂಗುತಿ, ಕಾಡಿಗೆ ತೀಡಿದ ಹಾಗೆ ದಪ್ಪ ಹುಬ್ಬು. ಹತ್ತಿರ ನಿಂತು ನೋಡಿದರೆ ಒಂದಕ್ಕೊಂದು ಹೊಂದುವುದಿಲ್ಲ ಅನ್ನಿಸುತ್ತಿತ್ತು. ಆದರೆ ಅವಳು ರಂಗದ ಮೇಲೆ ನಿಂತಾಗ ಕೊನೆಯ ಸಾಲಿನಲ್ಲಿ ಕುಳಿತವರಿಗೂ ಆ ಹುಬ್ಬು ಒಂದಿಷ್ಟೇ ಮೇಲೇರಿದ್ದು ಕಾಣುತ್ತಿತ್ತು. ಮುಂದೆ ಸಿನಿಮಾದವರು ಇದೇ ಮುಖ ನೋಡಿ, ಕ್ಯಾಮೆರಾಕ್ಕೆ ಇದು ಜಾಸ್ತಿಯಾಯಿತು ಅಂದರು.

ಅಕ್ಕ ನನ್ನ ಒಡಹುಟ್ಟಿದವಳಲ್ಲ. ಹುಬ್ಬಳ್ಳಿಯಿಂದ ಮೊದಲ ಕೆಲಸಕ್ಕೆಂದು ವಡೋದರಾಕ್ಕೆ ಬಂದು, ಮತ್ತಿಬ್ಬರು ಹುಡುಗಿಯರ ಜೊತೆ ಬಾಡಿಗೆ ಫ್ಲ್ಯಾಟಿನಲ್ಲಿದ್ದಾಗ ನಾನು ಊಟಕ್ಕೆ ಹೋಗುತ್ತಿದ್ದದ್ದು ಅಲ್ಕಾಪುರಿಯ ಒಂದು ಉಡುಪಿ ಹೋಟೆಲಿಗೆ. ಕರಾವಳಿಯ ಗಂಡ ಹೆಂಡತಿ ನಡೆಸುತ್ತಿದ್ದ ಹೋಟೆಲು. ಗಂಡ ಗಲ್ಲಾದಲ್ಲಿ ಕೂರುತ್ತಿದ್ದರು, ಮಾತು ಕಡಿಮೆ. ಅವರನ್ನು ನಾನು ಭಾವ ಅನ್ನುತ್ತಿದ್ದೆ. ಅಡುಗೆಮನೆ ಅಕ್ಕನದು. ಅವಳು ಒಳಗಿನಿಂದ ಒಮ್ಮೆ ಕೂಗಿದರೆ ರಸ್ತೆಯ ಆಚೆ ನಿಂತ ಆಟೋದವರೂ ತಿರುಗಿ ನೋಡುತ್ತಿದ್ದರು.

ಅವಳು ಗುಜರಾತಿ ನಾಟಕಗಳಲ್ಲಿ ಪಾರ್ಟು ಮಾಡುತ್ತಾಳೆ ಎಂದು ತಿಳಿದಾಗ ನಾನು ನಂಬಲಿಲ್ಲ. ಮದುವೆಯಾಗಿ ಬಂದ ಮೇಲೆ ಗಿರಾಕಿಗಳ ಬಾಯಿಂದಲೇ ಗುಜರಾತಿ ಕಲಿತವಳು. ಮಾತಾಡುವುದನ್ನು ಕೇಳಿದರೆ ಅಲ್ಲಿಯವಳೇ ಅನ್ನಬೇಕು, ಆದರೆ ಲಿಪಿ ಓದಲು ಬರುತ್ತಿರಲಿಲ್ಲ. ಅದಕ್ಕೇ ಯಾರಾದರೂ ಓದಿ ಹೇಳಿದ ಸಂಭಾಷಣೆಯನ್ನು ಹಳೆಯ ಕ್ಯಾಲೆಂಡರ್ ಹಾಳೆಗಳ ಹಿಂದೆ ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದಳು. ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಒಂದು ದಿನ ಆ ಹಾಳೆಗಳನ್ನು ನನ್ನ ಮುಂದೆ ಹಾಕಿದಳು.

“ನಾ ಹೇಳ್ತಾ ಹೋಗ್ತೇನೆ, ತಪ್ಪಿದ್ರೆ ನಿಲ್ಸು.”

“ಅಕ್ಕಾ, ನನಗ ಗುಜರಾತಿ ಒಂದಕ್ಷರ ಬರೂದಿಲ್ಲರೀ.”

“ಕನ್ನಡ ಓದ್ಲಿಕ್ಕೆ ಬರ್ತದಲ್ಲ ಮಾರಾಯ್ತಿ? ಸಾಕು.”

ಹೀಗೆ ನಾನು ಅರ್ಥ ಗೊತ್ತಿಲ್ಲದ ಭಾಷೆಯ ನಾಟಕಕ್ಕೆ ಮಾತು ನೆನಪಿಸುವವಳಾದೆ. ಮೊದಲು ಹೋಟೆಲಿನಲ್ಲಿ, ಆಮೇಲೆ ತಾಲೀಮಿನಲ್ಲಿ, ಕೊನೆಗೆ ರಂಗದ ಪಕ್ಕದ ಪರದೆಯ ಹಿಂದೆ. ಅರ್ಥವನ್ನು ಅವಳು ಕಾಯಿ ತುರಿಯುತ್ತ, ಸೊಪ್ಪು ಬಿಡಿಸುತ್ತ ಹೇಳಿಕೊಟ್ಟಳು. ಲಿಪಿಯನ್ನು ಆಮೇಲೆ ನಾನೇ ಅಂಗಡಿಗಳ ಫಲಕ ನೋಡಿ ಕಲಿತೆ. ಇವತ್ತು ಅಹಮದಾಬಾದಿನ ಕಚೇರಿಯಲ್ಲಿ ನಾನು ಆಡುವ ಗುಜರಾತಿಯೆಲ್ಲ ಅವಳ ಪಾತ್ರದ ಬಾಯಿಂದ ಬಂದದ್ದು. ಅದಕ್ಕೇ ಇರಬೇಕು, ನನ್ನ ಮಾತು ಸ್ವಲ್ಪ ಗಡುಸು ಎಂದು ಸಹೋದ್ಯೋಗಿಗಳು ಆಗಾಗ ನಗುತ್ತಾರೆ.

ಅವಳು ಹೆಸರು ಮಾಡಿದ್ದು ಒಂದೇ ನಾಟಕದಲ್ಲಿ. ಮನೆ ಬಿಟ್ಟು ಹೋದ ಗಂಡ ಎಷ್ಟೋ ವರ್ಷದ ಮೇಲೆ ಮರಳಿ ಬರುತ್ತಾನೆ. ಅಷ್ಟರಲ್ಲಿ ಹೆಂಡತಿ ಮಕ್ಕಳನ್ನು ಒಬ್ಬಳೇ ಬೆಳೆಸಿ ದಡ ಸೇರಿಸಿರುತ್ತಾಳೆ. ಕೊನೆಯ ದೃಶ್ಯದಲ್ಲಿ ಅವನು ಬಂದು ಕೂರುತ್ತಾನೆ. ಅವಳು ಬೈಯುವುದಿಲ್ಲ, ಅಳುವುದಿಲ್ಲ. ರಂಗದ ಮೇಲೆ ರೊಟ್ಲಿ, ಅಂದರೆ ತೆಳು ಚಪಾತಿ, ಲಟ್ಟಿಸಿ, ನಿಜವಾದ ಒಲೆಯಲ್ಲಿ ಬೇಯಿಸಿ, ಬಡಿಸುತ್ತಾಳೆ. ಅವನು ತಿನ್ನುತ್ತಾನೆ. ಆ ಹೊತ್ತಿನಲ್ಲಿ ಮಾತೇ ಇಲ್ಲ, ರೊಟ್ಲಿ ಸುಡುವ ವಾಸನೆ ಮಾತ್ರ ಸಭೆಯೊಳಗೆ ಹರಡುತ್ತದೆ. ಕೊನೆಗೆ “ಹಜೀ ಏಕ್ ಆಪುಂ?” ಎಂದು ಕೇಳುತ್ತಾಳೆ, ಇನ್ನೂ ಒಂದು ಕೊಡಲಾ ಎಂದು. ಅವನು ಬೇಡ ಎಂದು ತಲೆಯಾಡಿಸುತ್ತಾನೆ. “ಹಾಗಾದರೆ ಹೊರಡಿ” ಅನ್ನುತ್ತಾಳೆ. ಅವನು ಎದ್ದು ಹೋಗುತ್ತಾನೆ. ಅವಳು ಬಾಗಿಲು ಹಾಕುತ್ತಾಳೆ. ಅಷ್ಟೇ.

ಬಾಗಿಲು ಹಾಕಿದ ಮೇಲೆ ಸಭೆಯಲ್ಲಿ ಸ್ವಲ್ಪ ಹೊತ್ತು ಯಾರೂ ಚಪ್ಪಾಳೆ ತಟ್ಟುತ್ತಿರಲಿಲ್ಲ. ಒಮ್ಮೆ ವಡೋದರಾದಲ್ಲಿ ಒಬ್ಬ ಹೆಂಗಸು ಒಳಕೋಣೆಗೆ ಬಂದು ಅಕ್ಕನ ಕೈ ಹಿಡಿದು ಕಣ್ಣಿಗೊತ್ತಿಕೊಂಡು ಹೊರಟು ಹೋದಳು. ಅವಳು ಹೋದ ಮೇಲೆ ಅಕ್ಕ ಹೇಳಿದಳು: “ಇವಳ ಮನೆಗೂ ಯಾರೋ ವಾಪಸು ಬಂದಿದ್ದಾನೆ ಕಾಣ್ತದೆ.”

ನಾಟಕದ ನಿರ್ದೇಶಕ ಅಕ್ಕನಿಗಿಂತ ಚಿಕ್ಕವನು, ಚುರುಕು ಹುಡುಗ. ಅವಳನ್ನು ‘ಬೇನ್’, ಅಂದರೆ ಅಕ್ಕ, ಅನ್ನುತ್ತಿದ್ದ. ಅವಳು ಮಾಡಿದ ಇಡ್ಲಿ ತಿಂದೇ ಅವನು ಆ ನಾಟಕ ಕಟ್ಟಿದ. ಅದನ್ನು ಸಿನಿಮಾ ಮಾಡಲು ಅಹಮದಾಬಾದಿನ ನಿರ್ಮಾಪಕರೊಬ್ಬರು ಒಪ್ಪಿದಾಗ ಪೇಡೆಯ ಡಬ್ಬಿ ಹಿಡಿದುಕೊಂಡು ಹೋಟೆಲಿಗೆ ಓಡಿ ಬಂದ. ಅಕ್ಕ ಅಂದು ಗಿರಾಕಿಗಳಿಗೆಲ್ಲ ಪಾಯಸ ಬಡಿಸಿದಳು. ಅವಳ ಮುಖವನ್ನು ಕ್ಯಾಮೆರಾದ ಮುಂದೆ ಪರೀಕ್ಷೆ ಮಾಡಿದರು. ಆಮೇಲೆ ಅವನು ಬಂದಾಗ ಕೈಯಲ್ಲಿ ಏನೂ ಇರಲಿಲ್ಲ.

“ಬೇನ್, ನಿರ್ಮಾಪಕರಿಗೆ ಗೊತ್ತಿರುವ ಮುಖ ಬೇಕಂತೆ. ನನ್ನ ಕೈಯಲ್ಲಿ ಇಲ್ಲ.”

ಅಕ್ಕ ಸೊಪ್ಪು ಬಿಡಿಸುತ್ತಲೇ ಇದ್ದಳು. ಅವನೇ ಮುಂದುವರಿಸಿದ. ಆ ಪಾತ್ರಕ್ಕೆ ಬಂದ ನಟಿ ಒಳ್ಳೆಯವಳು, ಆದರೆ ರಂಗಭೂಮಿ ಗೊತ್ತಿಲ್ಲ, ಅಕ್ಕ ಬಂದು ಸ್ವಲ್ಪ ಹೇಳಿಕೊಡಬೇಕು.

ಅವನು ಹೋದ ಮೇಲೆ ನಾನು ಉರಿದುಬಿದ್ದೆ. “ಹೋಗಬ್ಯಾಡ್ರೀ ಅಕ್ಕಾ. ನಿಮ್ಮ ಪಾತ್ರ ಕಸಗೊಂಡು, ಮ್ಯಾಲ ನೀವ ಬಂದು ಕಲಿಸ್ರಿ ಅಂತಾರಲ್ಲ, ನಾಚಿಕಿ ಇಲ್ಲೇನು ಅವರಿಗೆ?”

“ನಾ ಹೋಗ್ದಿದ್ರೆ ಅವ್ಳು ಹೇಗೆ ಬೇಕಾದ್ರೂ ಮಾಡ್ತಾಳೆ. ಆ ಹೆಂಗಸನ್ನ ಅವ್ರ ಕೈಯಲ್ಲಿ ಹಾಗೇ ಬಿಟ್ಬಿಡ್ಲಿಕ್ಕೆ ಆಗ್ತದಾ?” ಅಂದಳು. ಆ ಹೆಂಗಸು ಅಂದರೆ ನಾಟಕದ ಹೆಂಡತಿ. ಪಕ್ಕದ ಮನೆಯವಳ ವಿಷಯ ಮಾತಾಡುವ ಹಾಗೆ ಹೇಳಿದಳು.

ಹೋದಳು. ನಟಿ ಅವಳನ್ನು ಮಾಸಿ, ಅಂದರೆ ಚಿಕ್ಕಮ್ಮ, ಎಂದು ಕರೆದಳಂತೆ, ಕಾಲು ಮುಟ್ಟಿ ನಮಸ್ಕರಿಸಿದಳಂತೆ. ಗಂಡ ಒಳಗೆ ಬಂದಾಗ ತಲೆ ಎತ್ತದೆ ಹುಬ್ಬು ಮಾತ್ರ ಎತ್ತುವುದು, ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸದೆ ಹಾಗೇ ಹಿಡಿದುಕೊಳ್ಳುವುದು, ಎಲ್ಲವನ್ನೂ ಕಲಿತಳು. ದುಂಡಗೆ ಲಟ್ಟಿಸುವುದೊಂದು ಬರಲಿಲ್ಲ. ಅದಕ್ಕೆ ಅಕ್ಕನ ಕೈಗಳನ್ನು ಮಾತ್ರ ಚಿತ್ರೀಕರಿಸಿಕೊಂಡರು. ವಾಪಸು ಬಂದವಳು ನನ್ನ ಮುಂದೆ ಹೇಳಿದ್ದು ಒಂದೇ: “ನಾಟಕ ನೋಡುವವನಿಗೆ ಕುತ್ತಿಗೆ ಉಂಟು, ಬೇಕಾದ ಕಡೆ ತಿರುಗಿಸ್ತಾನೆ. ಸಿನಿಮಾ ನೋಡುವವನಿಗೆ ಕಣ್ಣು ಮಾತ್ರ.”

ಸಿನಿಮಾ ಬಿಡುಗಡೆಯಾದ ವಾರ ನಾವು ನಾಲ್ವರು ಹೋದೆವು: ಅಕ್ಕ, ಭಾವ, ಕಾಲೇಜಿನಲ್ಲಿದ್ದ ಅವರ ಮಗಳು, ನಾನು. ಪರದೆಯ ತುಂಬ ಎರಡು ಕೈಗಳು ರೊಟ್ಲಿ ಲಟ್ಟಿಸತೊಡಗಿದಾಗ ಭಾವ ಇದ್ದಕ್ಕಿದ್ದಂತೆ ಜೋರಾಗಿ “ಅದು ಇವಳ ಕೈ!” ಅಂದುಬಿಟ್ಟರು, ಅದೂ ಕನ್ನಡದಲ್ಲಿ. ಮುಂದಿನ ಸಾಲಿನವರು ಶ್ ಅಂದರು. ಕ್ಯಾಮೆರಾ ಮೇಲೇರಿತು, ಆ ಕೈಗಳ ಮೇಲೆ ಬೇರೆ ಮುಖ ಇತ್ತು. ಚೆಂದದ ಮುಖವೇ. ರೊಟ್ಲಿ ಬೇಯುವಾಗ ಪಿಟೀಲು ಶುರುವಾಯಿತು. ಆಮೇಲೆ ಗಂಡ ಅವಳ ಕಾಲಿಗೆ ಬಿದ್ದು ಅತ್ತ. ಅವಳೂ ಅತ್ತಳು. ಅವನನ್ನು ಎತ್ತಿ ತಬ್ಬಿಕೊಂಡಳು. ಹಾಡು ಬಂತು. ಬಾಗಿಲು ತೆರೆದೇ ಇತ್ತು, ಅದರೊಳಗಿಂದ ಬೆಳಕು ಬರುತ್ತಿತ್ತು. ಸುತ್ತ ಜನ ಮೂಗು ಒರೆಸಿಕೊಳ್ಳುತ್ತಿದ್ದರು. ಕೊನೆಯಲ್ಲಿ ಓಡಿದ ಹೆಸರುಗಳಲ್ಲಿ ಅಕ್ಕನ ಹೆಸರು ಇರಲಿಲ್ಲ. ಊಟೋಪಚಾರ ಎಂಬಲ್ಲಿ ಹೋಟೆಲಿನ ಹೆಸರಿತ್ತು.

ಹೊರಗೆ ಬಂದು ಮಗಳು ತಾಯಿಯ ತೋಳು ಹಿಡಿದಳು. ಆ ಹುಡುಗಿಗೆ ಕನ್ನಡ ಅಷ್ಟಕ್ಕಷ್ಟೆ. “ಮಮ್ಮಿ, ಸಚ್ ಹೇಳ್ಲಾ? ಎಂಡಿಂಗ್ ಮೂವಿದೇ ಅಚ್ಛಾ ಉಂಟು. ನಾಟಕದ್ದು ಬಹುತ್ ಕೋಲ್ಡ್.”

ಅಕ್ಕ ಮಗಳ ಕೆನ್ನೆ ತಟ್ಟಿದಳು. ನನ್ನ ಕಡೆ ತಿರುಗಿ, “ನಾ ಸುಮ್ನಿದ್ರೆ ಜನವೂ ಸುಮ್ನಾಗ್ತಿದ್ರು. ಇಲ್ಲಿ ಸುಮ್ನಿರ್ಲಿಕ್ಕೆ ಹೋದ್ರೆ ಪಿಟೀಲು ಬಾರಿಸ್ತಾರೆ” ಅಂದು ನಕ್ಕಳು. ನಗು ಮುಖದ ಅರ್ಧಕ್ಕೇ ನಿಂತಿತು.

ಸಿನಿಮಾ ಓಡಿತು. ನಾಟಕಕ್ಕೂ ಬೇಡಿಕೆ ಬಂತು, ಆದರೆ ಬರುವ ಜನ ಬೇರೆ. ಒಂದು ಪ್ರದರ್ಶನದ ನಂತರ ಒಬ್ಬಾಕೆ ಅಕ್ಕನಿಗೆ ಹೂವು ಕೊಟ್ಟು ಮೆಚ್ಚಿಕೊಂಡಳು: “ಸಿನಿಮಾದಲ್ಲಿ ಆಕೆ ಹುಬ್ಬು ಎತ್ತುತ್ತಾಳಲ್ಲ, ಥೇಟ್ ಹಾಗೇ ಮಾಡಿದಿರಿ. ಎಷ್ಟು ಸಲ ನೋಡಿ ಕಲಿತಿರಿ?” ಅಕ್ಕ ಆ ಹೂವನ್ನು ಮೇಜಿನ ಮೇಲೆ ಬಿಟ್ಟು ಬಂದಳು.

ಅದಾದ ಮೇಲೆ ಸೂರತ್ತಿನದು. ಊರಾಚೆ ಸಚಿನ್ ಎಂಬಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ಒಂದು ಬಟ್ಟೆ ಕಾರ್ಖಾನೆಯವರು ಕೆಲಸಗಾರರ ಕುಟುಂಬಗಳಿಗೆಂದು ನಾಟಕ ಇಟ್ಟಿದ್ದರು. ಗಾಳಿಯಲ್ಲಿ ಬಣ್ಣದ, ರಾಸಾಯನಿಕದ ಘಾಟು. ಮೈದಾನದಲ್ಲಿ ಶಾಮಿಯಾನ, ಎರಡು ಕಡೆ ದೊಡ್ಡ ಸ್ಪೀಕರು. ಬಣ್ಣ ಹಚ್ಚಿಕೊಳ್ಳುವಾಗ ನಿರ್ದೇಶಕ ಬಂದು, ಕಾರ್ಖಾನೆಯವರು ಸಿನಿಮಾದ ಕೊನೆಯನ್ನೇ ಕೇಳುತ್ತಿದ್ದಾರೆ, ಇವತ್ತೊಂದು ದಿನ ಹಾಗೆ ಮಾಡೋಣ ಅಂದ.

“ಆಗುವುದಿಲ್ಲ” ಅಂದಳು ಅಕ್ಕ.

“ಸರಿ ಬೇನ್, ನಿಮ್ಮಿಷ್ಟ” ಅಂದು ಹೋದ. ನಾವು ನಂಬಿದೆವು.

ನಾಟಕ ಚೆನ್ನಾಗಿಯೇ ನಡೆಯಿತು. ಕೊನೆಯ ದೃಶ್ಯದಲ್ಲಿ ಅಕ್ಕ “ಹಜೀ ಏಕ್ ಆಪುಂ?” ಎಂದು ಕೇಳಿದಳು. ಗಂಡನ ಪಾತ್ರದವನು ತಲೆಯಾಡಿಸಬೇಕಿತ್ತು. ಅವನು ತಟ್ಟೆ ಪಕ್ಕಕ್ಕೆ ಸರಿಸಿ, ಅವಳ ಕಾಲು ಹಿಡಿದು ಗೊಳೋ ಎಂದು ಅಳತೊಡಗಿದ.

ಪರದೆಯ ಹಿಂದೆ ಹಾಳೆ ಹಿಡಿದು ನಿಂತಿದ್ದ ನನಗೆ ಏನಾಗುತ್ತಿದೆ ಎಂದು ತಿಳಿಯಲಿಲ್ಲ. ಅಕ್ಕನಿಗೆ ತಕ್ಷಣ ತಿಳಿಯಿತು. ಬಗ್ಗಿ ಅವನನ್ನು ನೋಡಿದಳು. ಕಾಲು ಬಿಡಿಸಿಕೊಳ್ಳಲು ನೋಡಿದಳು, ಅವನು ಬಿಡಲಿಲ್ಲ. “ಏಳಿ. ಕೈ ತೊಳೆದುಕೊಂಡು ಹೊರಡಿ” ಎಂದು ಗುಜರಾತಿಯಲ್ಲಿ, ಪಾತ್ರದ ದನಿಯಲ್ಲೇ ಹೇಳಿದಳು. ಅದು ನನಗೆ ಕೇಳಿಸಿತು, ಬೇರೆ ಯಾರಿಗೂ ಕೇಳಿಸಲಿಲ್ಲ. ಅಷ್ಟರಲ್ಲಿ ಎರಡೂ ಸ್ಪೀಕರುಗಳಿಂದ ಸಿನಿಮಾದ ಹಾಡು ಶುರುವಾಗಿತ್ತು. ಜನ ಸಿಳ್ಳೆ ಹೊಡೆದರು, ತಾಳಕ್ಕೆ ಚಪ್ಪಾಳೆ ತಟ್ಟಿದರು, ಮಕ್ಕಳು ಎದ್ದು ಕುಣಿದರು. ಅಕ್ಕ ಕಾಲು ಕಿತ್ತುಕೊಂಡು ಬಾಗಿಲಿನ ಕಡೆ ಒಂದು ಹೆಜ್ಜೆ ಇಟ್ಟಳು. ಪರದೆ ಬಿತ್ತು.

ನಿರ್ದೇಶಕ ಕೈ ಮುಗಿದುಕೊಂಡು ಬಂದ. “ಪಬ್ಲಿಕ್ ಖುಷಿಯಾಗಿದೆ ಬೇನ್. ಕ್ಷಮಿಸಿ.”

ಅಕ್ಕ ಕೂಗಾಡಲಿಲ್ಲ. “ಇಷ್ಟು ವರ್ಷ ನಾನು ಆ ಬಾಗಿಲು ಹಾಕಿಕೊಂಡು ಬಂದೆ. ನೀನು ಅದರ ಚಿಲಕವನ್ನೇ ಕಿತ್ತೆ” ಅಂದಳು. ಬಣ್ಣ ಒರೆಸಿಕೊಂಡು ಗಾಡಿಯಲ್ಲಿ ಹೋಗಿ ಕುಳಿತಳು.

ಮರುದಿನ ಬೆಳಿಗ್ಗೆ ಗಂಡನ ಪಾತ್ರದವನು ಹೋಟೆಲಿಗೆ ಬಂದು ತಲೆ ತಗ್ಗಿಸಿ ಕುಳಿತ. ಅಕ್ಕ ಒಳಗಿನಿಂದಲೇ “ಅವ್ರಿಗೆ ಕಾಫಿ ಕೊಡ್ಲಿಕ್ಕೆ ಹೇಳಿ” ಅಂದಳು. ಹೊರಗೆ ಬರಲಿಲ್ಲ.

ಮತ್ತೆ ಅವಳು ಬಣ್ಣ ಹಚ್ಚಲಿಲ್ಲ. ನಾಟಕ ನಿಲ್ಲಲಿಲ್ಲ. ಬೇರೊಬ್ಬಳು ಬಂದಳು, ಸಿನಿಮಾದ ಕೊನೆ ಬಂತು. ಒಮ್ಮೆ ಸ್ಟೇಷನ್ನಿನ ಹತ್ತಿರ ಅದರ ಪೋಸ್ಟರ್ ನೋಡಿದೆವು: ‘ಸೂಪರ್‌ಹಿಟ್ ಸಿನಿಮಾ ಆಧಾರಿತ ನಾಟಕ.’ ಲಿಪಿ ಬಾರದ ಅಕ್ಕ ಏನು ಬರೆದಿದೆ ಎಂದು ನನ್ನನ್ನು ಕೇಳಿದಳು. ಓದಿ ಹೇಳಿದೆ. “ಸರಿಯಾಗಿ ಓದಿದ್ಯಾ?” ಅಂದಳು. ಹೌದು ಅಂದೆ. 

ನನಗೆ ಅಹಮದಾಬಾದಿಗೆ ವರ್ಗವಾಯಿತು. ಅಕ್ಕನ ಹೊಟ್ಟೆನೋವು ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಚಿಕಿತ್ಸೆಗೆಂದು ಅಲ್ಲಿಗೇ ಬಂದು, ನವರಂಗಪುರದ ನನ್ನ ಫ್ಲ್ಯಾಟಿನಲ್ಲಿ ಉಳಿದಳು. ಒಂದು ಭಾನುವಾರ ಟೀವಿಯಲ್ಲಿ ಅದೇ ಸಿನಿಮಾ ಬಂತು. ಆರಿಸಲು ಹೋದರೆ ಬೇಡ ಅಂದಳು. ಕೊನೆಯ ತನಕ ನೋಡಿದಳು.

“ಆ ಹುಡುಗಿದು ತಪ್ಪಿಲ್ಲ. ಅಳ್ಲಿಕ್ಕೆ ಹೇಳಿದ್ರು, ಚಂದ ಅತ್ಲು.”

“ನಿಮ್ಮ ಸಿಟ್ಟು ಹೋತೇನ್ರೀ ಅಕ್ಕಾ?”

“ಎಲ್ಲಿಗೆ ಹೋಗ್ತದೆ ಮಾರಾಯ್ತಿ? ಅದಕ್ಕೇನು ಬೇರೆ ಮನೆ ಉಂಟಾ?”

ಮಳೆಗಾಲ ಶುರುವಾಗುವ ಮುಂಚೆ ತೀರಿಕೊಂಡಳು. ಬೂದಿಯಂತೆ ಬಣ್ಣಗೆಟ್ಟಿದ್ದ ಮುಖ ಆಗಲೂ ದೊಡ್ಡದಾಗಿಯೇ ಇತ್ತು.

ವಡೋದರಾದಲ್ಲಿ ಶ್ರದ್ಧಾಂಜಲಿ ಸಭೆ ನಡೆಯಿತು. ನಾಟಕದವರು, ಹೋಟೆಲಿನವರು, ಊರಿನ ಕನ್ನಡದವರು ಬಂದಿದ್ದರು. ನಿರ್ದೇಶಕ ಮಾತಾಡಿದ. ನಿಜವಾಗಿಯೇ ಅತ್ತ, ಸುಳ್ಳು ಹೇಳಬಾರದು. ಕೊನೆಗೆ, ಬೇನ್ ಸೃಷ್ಟಿಸಿದ ಅಮರ ದೃಶ್ಯವನ್ನು ಎಲ್ಲರೂ ಒಮ್ಮೆ ನೋಡೋಣ ಅಂದ. ಗೋಡೆಗೆ ಕಟ್ಟಿದ ಬಿಳಿ ಬಟ್ಟೆಯ ಮೇಲೆ ಸಿನಿಮಾ ಶುರುವಾಯಿತು. ಗಂಧದ ಹಾರ ಹಾಕಿದ ಅಕ್ಕನ ಫೋಟೋದ ಪಕ್ಕದಲ್ಲೇ ಆ ನಟಿಯ ಮುಖ, ಗೋಡೆಯಷ್ಟು ದೊಡ್ಡದಾಗಿ.

ಭಾವ ಎದ್ದರು. ನಿಧಾನವಾಗಿ ನಡೆದು ಹೋಗಿ ಪ್ರೊಜೆಕ್ಟರಿನ ಮುಂದೆ ಕೈ ಅಡ್ಡ ಹಿಡಿದರು.

“ಇದು ನನ್ನ ಹೆಂಡತಿ ಅಲ್ಲ.”

“ಗೊತ್ತು ಕಾಕಾ,” ಅಂದ ನಿರ್ದೇಶಕ. “ಆದರೆ ನಾಟಕದ್ದು ನಮ್ಮ ಹತ್ತಿರ ಏನೂ ಇಲ್ಲ. ಯಾರೂ ಚಿತ್ರೀಕರಿಸಲಿಲ್ಲ. ಇರುವುದು ಇದೊಂದೇ.”

“ಇಲ್ಲದಿದ್ದರೆ ಇಲ್ಲ. ಖಾಲಿ ಇರಲಿ.”

ಯಾರೋ ಚಿತ್ರ ನಿಲ್ಲಿಸಿದರು. ಪ್ರೊಜೆಕ್ಟರು ಮಾತ್ರ ಉರಿಯುತ್ತಲೇ ಇತ್ತು. ಎದ್ದು ಹೋಗಲು ಯಾರಿಗೂ ಧೈರ್ಯವಾಗಲಿಲ್ಲ, ಎಲ್ಲರೂ ಆ ಬಿಳಿ ಬಟ್ಟೆಯನ್ನು ನೋಡುತ್ತ ಕುಳಿತೆವು. ಪಕ್ಕದಲ್ಲಿದ್ದ ಮಗಳು ಕಣ್ಣೊರೆಸಿಕೊಂಡು, ತನಗೆ ಅಮ್ಮನೇ ಅಲ್ಲಿ ಕಂಡಂತಾಯಿತು ಎಂದು ಪಿಸುಗುಟ್ಟಿದಳು. ನನಗೆ ಬಟ್ಟೆ ಮಾತ್ರ ಕಂಡಿತು.