ಊರಿಗೆಲ್ಲ ಸುದ್ದಿ ಮುಟ್ಟಿಸಿದ ಭೀಮರಾಯ ಸರ್

ಸುರಪುರದ ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ಕರೆಂಟ್ ಹೋಗಿತ್ತು. ಬೆವರು ಒರೆಸಿಕೊಳ್ಳುತ್ತ ನಾವೊಂದಿಷ್ಟು ವಿದ್ಯಾರ್ಥಿಗಳು, ಮುಂದಿನ ಬೆಂಚಿನಲ್ಲಿ ಗೆಳತಿ ನಾಗಮ್ಮ, ಮೇಜಿನ ಮೇಲೇರಿ ಕುಳಿತ ಭೀಮರಾಯ ಸರ್. ಕರೆಂಟ್ ಹೋದರೇನೇ ಅವರ ಪಾಠಕ್ಕೆ ಕಳೆ.

“ಸಾವಿರಾರು ಕಂಪ್ಯೂಟರ್ ಕೂಡಿ ಒಂದ ಕೆಲಸ ಮಾಡಾಕತ್ತಾವ ಅಂತ ತಿಳ್ಕೋರಿ. ಸುದ್ದಿ ಮುಟ್ಟಿಸೋ ಕೆಲಸ ಒಂದಕ್ಕ ಕೊಟ್ರ, ಅದು ಕೆಟ್ಟ ದಿನ ಎಲ್ಲಾ ಕೆಟ್ಟಂಗ. ಅದಕ್ಕ ಒಂದೊಂದೂ ಸಿಕ್ಕ ಎರಡ್ಮೂರಕ್ಕ ಹೇಳತದ. ಅವು ಮತ್ತ ಎರಡ್ಮೂರಕ್ಕ. ನಡುವ ನಾಕು ಬಂದ್ ಬಿದ್ದರೂ ಸುದ್ದಿ ನಿಲ್ಲಂಗಿಲ್ಲ.”

“ಅಂದ್ರ ನಮ್ಮ ನಳದ ಕಟ್ಟಿ ಮ್ಯಾಲಿನ ಸುದ್ದಿ ಹಂಗ ಅಲ್ರಿ ಸರ್?” ಎಂದಳು ನಾಗಮ್ಮ.

“ಹೌದವ್ವ. ಆದ್ರ ನಿಮ್ಮ ಕಟ್ಟಿ ಮ್ಯಾಲ ಬೆಕ್ಕು ಹೋಗಿ ಹುಲಿ ಆಗತದ. ಇಲ್ಲಿ ಸುದ್ದಿಗೆ ಎರಡು ಬಾಲ ಹಚ್ಚತಾರ: ಮೊದಲ ಯಾರು ಹೇಳಿದ್ರು, ಯಾವಾಗ ಹೇಳಿದ್ರು. ಎರಡು ಸುದ್ದಿ ಎದುರಾದ್ರ ಹೊಸದು ಇಟ್ಕೊಂಡು ಹಳೇದು ಒಗೀಬೇಕು.”

ಈ ಬಾಲದ ಚಟ ಅವರಿಗೆ ಎಷ್ಟೆಂದರೆ, ಹುಣಸಗಿ ಬಸ್ಸು ಬಂತೆಂದು ಯಾರಾದರೂ ಕೂಗಿದರೂ ಚಹಾದ ಬಸಿ ಕೆಳಗಿಡದೆ “ಯಾರು ಹೇಳಿದ್ರು? ಯಾವಾಗ?” ಎನ್ನುವರು. ಹಾಗೆ ಕೇಳುತ್ತ ಎಷ್ಟು ಬಸ್ಸು ತಪ್ಪಿಸಿಕೊಂಡರೋ!

ಸರ್ ಅವರ ಊರು ದೇವಾಪುರ. ಮೆಣಸಿನಕಾಯಿ ಸುಗ್ಗಿಯಲ್ಲಿ ಕಾಲುವೆಯ ನೀರು ನಿಂತಿತೆಂದರೆ ಅಲ್ಲಿಯವರಿಗೆ ಅದರ ಸಿಮೆಂಟು ತಳವೇ ಕಾಯಿ ಒಣಗಿಸುವ ಕಣ. ಸರ್ ಅವರ ತಾಯಿ ಈರಮ್ಮನೂ ವರ್ಷದ ಬೆಳೆಯನ್ನೆಲ್ಲ ಅಲ್ಲೇ ಹರವಿದ್ದರು. ಸೋಮವಾರದವರೆಗೆ ನೀರಿಲ್ಲವೆಂದು ಡಂಗುರವಾಗಿತ್ತು. ಶನಿವಾರ ಬೆಳಿಗ್ಗೆ ಸುರಪುರದ ಚಹಾದಂಗಡಿಯಲ್ಲಿ ಸರ್ ಅವರಿಗೆ ಸಿಕ್ಕ ಕಾಲುವೆ ಗೇಟಿನವನು, ನೀರು ಇವತ್ತೇ ಮಧ್ಯಾಹ್ನ ಬರುತ್ತದೆಂದ. ಡಂಗುರದವನೋ ಶಹಾಪುರದ ಮದುವೆಗೆ ಹೋಗಿದ್ದ. ಸರ್ ನಮ್ಮನ್ನೆಲ್ಲ ದೇವಾಪುರದ ಟಂಟಂ ಆಟೋ ಹತ್ತಿಸಿದರು. “ಸಿಕ್ಕ ಇಬ್ಬರಿಗೆ ಹೇಳ್ರಿ, ಅವರು ಮತ್ತಿಬ್ಬರಿಗೆ ಹೇಳಲಿ. ಬಾಲ ಮರೀಬ್ಯಾಡ್ರಿ!”

“ನೀರು ಸೋಮವಾರ ಅಲ್ಲೇನು?” ಎಂದು ವಾದಕ್ಕೆ ನಿಂತವರೆಲ್ಲ “ಗೇಟಿನವ, ಇವತ್ತು ಮುಂಜಾನಿ” ಎಂದೊಡನೆ ಚೀಲ ಹಿಡಿದು ಓಡಿದರು. ಮಧ್ಯಾಹ್ನಕ್ಕೆ ಕಾಲುವೆ ಖಾಲಿ. ಒಂದೇ ಒಂದು ಕೆಂಪು ರಾಶಿ ಉಳಿದಿತ್ತು, ಈರಮ್ಮನದು. ಅವರು ಮನೆಯಲ್ಲಿ ನಿಶ್ಚಿಂತೆಯಿಂದ ರೊಟ್ಟಿ ಬಡಿಯುತ್ತಿದ್ದರು. ಮಗ ಹೇಳಿರುತ್ತಾನೆಂದು ಊರು ಸುಮ್ಮನಿತ್ತು. ಊರು ಹೇಳಿರುತ್ತದೆಂದು ಮಗ.

ದೂರದಲ್ಲಿ ನೀರು ಕಸಕಡ್ಡಿ ದೂಡಿಕೊಂಡು ಬರುವುದು ಕಂಡಿತು. ಎಲ್ಲರೂ ಕಾಲುವೆಗೆ ಇಳಿದೆವು. ಚೀಲ, ದುಪಟ್ಟಾ, ಸರ್ ಬಿಚ್ಚಿಕೊಟ್ಟ ಅಂಗಿ, ಸಿಕ್ಕಿದ್ದರಲ್ಲಿ ತುಂಬಿ ದಂಡೆಗೆ ಸುರಿದೆವು. ಕೊನೆಯ ಗಂಟು ಮೇಲೇರುವಾಗ ನೀರು ಪಾದ ಮುಟ್ಟಿತು. ಕಾಯಿ ಉಳಿಯಿತು, ಸರ್ ಅವರ ಒಂದು ಚಪ್ಪಲಿ ಹೋಯಿತು. ಘಾಟಿಗೆ ಎಲ್ಲರಿಗೂ ಸೀನೋ ಸೀನು.

ಈರಮ್ಮ ಹಿಟ್ಟಿನ ಕೈಯಲ್ಲೇ ಬಂದು ನಿಂತರು. “ಸಾವಿರ ಕಂಪ್ಯೂಟರಿಗೆ ಸುದ್ದಿ ಮುಟ್ಟಸ್ತೀಯಲ್ಲೋ ಭೀಮ್ಯಾ, ಹಡದಾಕಿ ಲೆಕ್ಕದಾಗಿಲ್ಲೇನು?”

ಸರ್ ಮತ್ತೊಮ್ಮೆ ಸೀನಿ ನಮ್ಮ ಕಡೆ ತಿರುಗಿದರು. “ನೆನಪಿಟ್ಕೋರಿ. ‘ಅವರಿಗೆ ಗೊತ್ತಿರತದ’ ಅಂತ ಯಾರನ್ನೂ ಬಿಡಬ್ಯಾಡ್ರಿ. ಎರಡು ಸಲ ಕೇಳಿ ಯಾರೂ ಕೆಟ್ಟಿಲ್ಲ.”

ಮುಂದೆ ಅವರಿಗೆ ಗುರುಮಠಕಲ್‌ಗೆ ವರ್ಗವಾಯಿತು. ಸುದ್ದಿ ತಿಳಿದ ದಿನ ನಾವು ಒಬ್ಬೊಬ್ಬರಾಗಿ ದೇವಾಪುರಕ್ಕೆ ಹೋಗಿ ಈರಮ್ಮನಿಗೆ ಹೇಳಿದೆವು. ಪ್ರತಿಯೊಬ್ಬರನ್ನೂ ಹೊಸ್ತಿಲಲ್ಲೇ ನಿಲ್ಲಿಸಿ, “ಯಾರು ಹೇಳಿದ್ರು? ಯಾವಾಗ?” ಎಂದು ಕೇಳಿ, ಆಮೇಲೆ ಒಳಗೆ ಕರೆದು ಚಹಾ ಕೊಟ್ಟರು.

ಹೊರಡುವ ದಿನ ಸುರಪುರದ ನಿಲ್ದಾಣದಲ್ಲಿ ಸರ್ ಚಹಾ ಕುಡಿಯುತ್ತಿದ್ದರು. “ಬಸ್ ಬಂತ್ರಿ ಸರ್,” ಎಂದಳು ನಾಗಮ್ಮ. ಅವರು ಏನೂ ಕೇಳಲಿಲ್ಲ. ಬಸಿ ಕೆಳಗಿಟ್ಟು, ತಾಯಿ ಕೊಟ್ಟ ಮೆಣಸಿನಕಾಯಿ ಗಂಟು ಎತ್ತಿಕೊಂಡು ಬಸ್ ಹತ್ತಿದರು.